ತಿಗಣೆ ಯಾವ ಊರಿನದು

ಮೈಸೂರಿನಲ್ಲಿ ನನ್ನ ಮರ್ಯಾದೆ ಹೋದದ್ದು ಬೆಳಿಗ್ಗೆ ಹತ್ತು ಗಂಟೆಗೆ, ಕಾಫಿ ಕುಡಿಯುತ್ತ ಕೂತಿದ್ದಾಗ. ನಮ್ಮ ಮನೆಯೊಡತಿ ಲೂರ್ದಮ್ಮ ಸ್ಟೀಲಿನ ಲೋಟ ನನ್ನ ಕೈಗಿಟ್ಟು, ಬಿಸ್ಕತ್ತಿನ ತಟ್ಟೆಯನ್ನು ಹತ್ತಿರಕ್ಕೆ ಸರಿಸಿ, "ತಪ್ ತಿಳ್ಕೋಬೇಡಿ ಟೀಚರಮ್ಮ. ಈ ತಿಗಣೆ ಎಲ್ಲಾ ನಿಮ್ ಕೌದಿ ಜೊತೇಲೇ ಬಂದಿರ್ಬೇಕು ಅಂತ ನನ್ಗೆ ಅನ್ನಿಸ್ತಾ ಇದೆ ಕಣಮ್ಮ" ಎಂದರು. ಅಂದು ಮುಗಿಸಿ ನಕ್ಕರು. ಸಕ್ಕರೆ ಸಾಕಾ ಎಂದು ಕೇಳಿದರು.

ಕಲಬುರಗಿಯಲ್ಲಿ ಯಾರಾದರೂ ಹೀಗೆ ಅನ್ನಬೇಕಿದ್ದರೆ ಓಣಿಯಲ್ಲಿ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾಲ್ಕು ಮಂದಿ ಕೇಳುವಂತೆ ಅನ್ನುತ್ತಿದ್ದರು. ನಾನೂ ಅಷ್ಟೇ ಜೋರಾಗಿ ತಿರುಗಿಸಿ ಅಂದು, ಇಬ್ಬರೂ ಹಗುರಾಗಿ ಮನೆ ಸೇರುತ್ತಿದ್ದೆವು. ಸಂಜೆಗೆ ಪುಂಡಿಸೊಪ್ಪಿನ ಪಲ್ಲೆಯ ಬಟ್ಟಲು ಆ ಮನೆಯಿಂದ ಈ ಮನೆಗೆ ಬರುತ್ತಿತ್ತು. ಇಲ್ಲಿ ಬೈಗುಳಕ್ಕೂ ಕಾಫಿ ಕೊಡುತ್ತಾರೆ. ಕಾಫಿ ಕುಡಿದವರು ತಿರುಗಿ ಬೈಯುವುದು ಹೇಗೆ? ನಾನು ಪೂರ್ತಿ ಕುಡಿದು, ಲೋಟ ತೊಳೆದಿಟ್ಟು, "ನೋಡ್ತೀನ್ರಿ" ಎಂದು ಎದ್ದು ಬಂದೆ.

ಊರಿನಿಂದ ಫೋನು ಮಾಡಿದಾಗಲೆಲ್ಲ ನೀವೆಲ್ಲ ಕೇಳುವುದು ಒಂದೇ ಪ್ರಶ್ನೆ: ಮೈಸೂರು ಹ್ಯಾಂಗದ? ಅರಮನೆಯ ದೀಪ, ಚಾಮುಂಡಿ ಬೆಟ್ಟ, ತಣ್ಣಗಿನ ಗಾಳಿ ಇವನ್ನೆಲ್ಲ ಹೇಳಲಿ ಅಂತ ನಿಮಗೆ ಆಸೆ. ಗಾಳಿ ತಣ್ಣಗಿದೆ, ಸುಳ್ಳಲ್ಲ. ಮೇ ತಿಂಗಳಲ್ಲೂ ಮಧ್ಯಾಹ್ನ ರಸ್ತೆಯಲ್ಲಿ ನಡೆಯಬಹುದು. ಆದರೆ ನಾನು ಈ ಊರನ್ನು ಕಲಿತದ್ದು ಅರಮನೆಯಿಂದಲ್ಲ. ಒಂದು ತಿಗಣೆ ಮತ್ತು ಒಂದು ಡಬ್ಬಿ ಬಿಳಿ ಪುಡಿಯಿಂದ ಕಲಿತೆ. ಅದನ್ನೇ ಬರೆಯುತ್ತೇನೆ. ಓದುವಾಗ ಮೈ ಕೆರೆದುಕೊಳ್ಳಬೇಕೆನಿಸಿದರೆ ಕೆರೆದುಕೊಳ್ಳಿ, ನನಗೂ ಬರೆಯುವಾಗ ಹಾಗೇ ಆಗುತ್ತಿದೆ.

ನಮ್ಮವರಿಗೆ ಮೈಸೂರಿನ ಪಕ್ಕದ ಕಡಕೊಳದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಷಿನ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ನನಗೆ ಸರಸ್ವತಿಪುರಂನ ಟ್ಯುಟೋರಿಯಲ್ ಒಂದರಲ್ಲಿ ಗಣಿತ ಹೇಳಿಕೊಡುವ ಕೆಲಸ. ಮನೆ ಮಾತ್ರ ಸಿಗಲಿಲ್ಲ. ಒಬ್ಬರು ಮಾಂಸ ತಿನ್ನುತ್ತೀರಾ ಎಂದು ಕೇಳಿ ಗೇಟು ಹಾಕಿಕೊಂಡರು. ಒಬ್ಬರು "ಉತ್ತರ ಕರ್ನಾಟಕದೋರು ಸ್ವಲ್ಪ ಜೋರು ಅಲ್ವಾ" ಎಂದು ನಕ್ಕರು. ನಾನು ಜೋರಾಗಿಯೇ "ಹೌದ್ರಿ" ಎಂದೆ, ಅಲ್ಲಿಗೆ ಆ ಮನೆ ಹೋಯಿತು. ಇನ್ನಿಬ್ಬರು ಕಾರಣವನ್ನೇ ಹೇಳಲಿಲ್ಲ, "ಮನೇಲಿ ಮಾತಾಡಿ ಹೇಳ್ತೀವಿ" ಎಂದರು. ಮೈಸೂರಿನಲ್ಲಿ ಹಾಗೆಂದರೆ ಇಲ್ಲ ಎಂದು ಅರ್ಥ. ಇದು ತಿಳಿಯದೆ ನಾನು ಎರಡು ವಾರ ಅವರ ಫೋನಿಗೆ ಕಾದೆ.

ಐದನೆಯದು ಲೂರ್ದಮ್ಮನ ಮನೆ. ತಲೆಮಾರುಗಳಿಂದ ಇಲ್ಲಿಯೇ ನೆಲೆಸಿದ ಕ್ಯಾಥೊಲಿಕ್ ಮನೆತನ. ಗಂಡ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ಹಳೆಯ ಮನೆಯನ್ನು ನಡುವೆ ಕತ್ತರಿಸಿ ಮುಂದಿನರ್ಧದಲ್ಲಿ ತಾವಿದ್ದು ಹಿಂದಿನರ್ಧವನ್ನು ಬಾಡಿಗೆಗೆ ಕೊಡುತ್ತಿದ್ದರು. ಇಂಥ ತುಂಡಿಗೆ ಇಲ್ಲಿ ಪೋರ್ಷನ್ ಎನ್ನುತ್ತಾರೆ. ಎರಡರ ನಡುವೆ ಮೊದಲು ಒಂದು ಬಾಗಿಲಿತ್ತು. ಅದಕ್ಕೆ ಅಗುಳಿ ಜಡಿದು, ನಮ್ಮ ಕಡೆಯಿಂದ ಒಂದು ದೊಡ್ಡ ಮರದ ಬೀರು ಅಡ್ಡ ಇಟ್ಟಿದ್ದರು. ಮಹಡಿಯ ಮೇಲೆ ಒಂದು ಒಂಟಿ ಕೋಣೆ, ಖಾಲಿ. ಲೂರ್ದಮ್ಮ ನಮ್ಮ ಜಾತಿ ಕೇಳಲಿಲ್ಲ, ಊಟ ಕೇಳಲಿಲ್ಲ. ಮೊದಲ ದಿನ ನಾನು ಜೋಳದ ರೊಟ್ಟಿ ಬಡಿಯುತ್ತಿದ್ದಾಗ ಸದ್ದು ಕೇಳಿ ಬಂದರು. ಆಯಿತು, ಇದಕ್ಕೂ ತಕರಾರು ಎಂದುಕೊಂಡೆ. "ಬಡೀರಮ್ಮ, ಚೆನ್ನಾಗ್ ಬಡೀರಿ. ಮನೇಲಿ ಸದ್ದಿದ್ರೆ ಯಾರೋ ಇದ್ದಂಗ್ ಆಗುತ್ತೆ" ಎಂದರು. ನನಗೆ ಆಕೆಯ ಮೇಲೆ ಅವತ್ತೇ ಪ್ರೀತಿ ಬಂತು. ಮುಂದೆ ಬಂದ ಸಿಟ್ಟಿಗೆ ಇಷ್ಟು ಕಾವು ಏಕಿತ್ತೆಂದರೆ ಈ ಪ್ರೀತಿಯಿಂದಲೇ.

ಪ್ರೀತಿ ಇದ್ದದ್ದಕ್ಕೇ ಕೌದಿಯ ಕಥೆ ಹೇಳಿದ್ದು. ನಮ್ಮ ಕಡೆ ಕೌದಿ ಇಲ್ಲದ ಮನೆಯಿಲ್ಲ, ನಿಮಗೆ ವಿವರಿಸಬೇಕಿಲ್ಲ. ಲೂರ್ದಮ್ಮನಿಗೆ ವಿವರಿಸಿದೆ: ಹಳೆಯ ಸೀರೆ, ಧೋತರ, ಕುಪ್ಪಸದ ಚೂರುಗಳನ್ನು ಪದರ ಪದರವಾಗಿಟ್ಟು ಕೈಯಿಂದಲೇ ಹೊಲಿದ ಹೊದಿಕೆ. ನನ್ನದನ್ನು ಹೊಲಿದವಳು ನಮ್ಮವ್ವ, ಸಾಯುವ ಹಿಂದಿನ ವರ್ಷ. ಅವಳ ಎರಡು ಇಳಕಲ್ ಸೀರೆ, ಅಪ್ಪನ ಧೋತರ, ನಾನು ಐದನೆಯ ಕ್ಲಾಸಿನಲ್ಲಿ ತೊಡುತ್ತಿದ್ದ ಹಸಿರು ಲಂಗ ಅದರಲ್ಲಿದ್ದವು. ಕೊನೆಯ ಮೂಲೆ ಮುಚ್ಚುವ ಮುಂಚೆ ಅವ್ವ ಒಂದು ಚೂರು ಒಣರೊಟ್ಟಿ ಒಳಗಿಟ್ಟು ಹೊಲಿಯುತ್ತಿದ್ದಳು. ಕೌದಿ ಉಪವಾಸ ಇರಬಾರದಂತೆ, ಹೊಟ್ಟೆ ತುಂಬಿದ ಕೌದಿ ಹೊದ್ದವರ ಹೊಟ್ಟೆಯೂ ತುಂಬಿರುತ್ತದಂತೆ. ಲೂರ್ದಮ್ಮ ಆ ಮೂಲೆಯನ್ನು ಬೆರಳಿನಿಂದ ಒತ್ತಿ ನೋಡಿ, "ಎಷ್ಟ್ ಚೆಂದ ಕಣಮ್ಮ" ಎಂದಿದ್ದರು.

ಎರಡು ತಿಂಗಳಾಗಿರಲಿಲ್ಲ, ಬೆಳಗಾದರೆ ಕೈಕಾಲಿನ ಮೇಲೆ ಕೆಂಪು ಗಂದೆಗಳು. ಮೊದಲು ಸೊಳ್ಳೆ ಎಂದುಕೊಂಡೆವು. ಆಮೇಲೆ ಹಾಸಿಗೆಯ ಹೊಲಿಗೆಯಲ್ಲಿ ಒಂದು ಕಂದು ಹುಳ ಸಿಕ್ಕಿತು, ಮಸೂರಿ ಬೇಳೆಯಷ್ಟು. ಹೊಸಕಿದರೆ ರಕ್ತ. ಮುಚ್ಚಿಡಬಾರದೆಂದು ಲೂರ್ದಮ್ಮನಿಗೆ ಹೋಗಿ ಹೇಳಿದವಳು ನಾನೇ. ಅದರ ಮರುದಿನವೇ ಆ ಕಾಫಿ.

ಕಾಫಿಯ ಜೊತೆ ಇನ್ನೊಂದು ಮಾತೂ ಬಂದಿತ್ತು. "ಅಲ್ಲಮ್ಮ, ತಿನ್ನೋ ಪದಾರ್ಥ ಒಳಗಿಟ್ಟು ಹೊಲ್ದಿದ್ದೀರಿ. ಹುಳ ಬರ್ದೆ ಇರುತ್ತಾ? ಯೋಚ್ನೆ ಮಾಡಿ ನೋಡಿ. ಆ ಕೌದಿ ಇಟ್ಕೊಂಡು ಈ ಮನೇಲಿ ಇರೋದು ನಿಮ್ಗೂ ಕಷ್ಟ, ನನ್ಗೂ ಕಷ್ಟ." ತಿಗಣೆ ರೊಟ್ಟಿ ತಿನ್ನುವುದಿಲ್ಲ, ರಕ್ತ ಕುಡಿಯುತ್ತದೆ. ಇದು ಎಲ್ಲರಿಗೂ ಗೊತ್ತು. ಅವತ್ತು ನನ್ನ ಬಾಯಿಗೆ ಬರಲಿಲ್ಲ. "ನಮ್ ಕೌದಿದಾಗ ಏನೂ ಇಲ್ರಿ ಅಮ್ಮಾರ, ಬಿಸಿಲಿಗಿ ಹಾಕೇ ತಂದೀನ್ರಿ" ಎಂದಷ್ಟೇ ಅಂದೆ. ನನ್ನ ದನಿ ನನಗೇ ಕಳ್ಳಿಯ ದನಿಯಂತೆ ಕೇಳಿಸಿತು.

ಬಿಸಿಲಿಗೆ ಹಾಕಿದ್ದು ನಿಜ. ನಮ್ಮ ಕಡೆ ಬಿಸಿಲೇ ಔಷಧಿ. ಬೇಸಿಗೆಯಲ್ಲಿ ಹೊರಸು, ಗಾದಿ, ಕೌದಿ ಎಲ್ಲವನ್ನೂ ಮಾಳಿಗೆಯ ಮೇಲೆ ಎಳೆದುಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಹಾಸುಗಲ್ಲಿನ ಮೇಲೆ ಕಾಲಿಡಲಾಗದು, ತಿಗಣೆ ಎಲ್ಲಿ ಬದುಕೀತು. ಮೈಸೂರಿನ ಬಿಸಿಲು ಅಂಥದ್ದಲ್ಲ, ಅದೂ ಇಲ್ಲಿಯವರ ಹಾಗೆ ಮೆತ್ತಗೆ ಮೈ ಸವರಿ ಹೋಗುತ್ತದೆ. ನಾನು ಮೂರು ದಿನ ಹಿತ್ತಲಿನ ಹಗ್ಗದ ಮೇಲೆ ಕೌದಿ ಹಾಕಿದೆ. ಮೂರನೆಯ ದಿನ ಮೋಡ ಮುಚ್ಚಿ ಸಣ್ಣಗೆ ಹನಿಯಿತು. ಒಳಗೆ ಕಚ್ಚುವುದು ನಿಲ್ಲಲಿಲ್ಲ.

ನಮ್ಮವರು ಬೇಸತ್ತಿದ್ದರು. "ಒಂದ್ ಕೌದಿ ಸಲುವಾಗಿ ಮನಿ ಬಿಡೋದೇನ? ಮತ್ತ ಯಾರ ಮನಿ ಬಾಗಿಲ ಬಡಿಯೋಣ ಹೇಳು" ಎಂದರು. ಮರುದಿನ ಬೆಳಿಗ್ಗೆ ಕಸದ ಗಾಡಿ ಬಂದಾಗ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಕೊಂಡೊಯ್ದೆ. ಗಾಡಿಯ ಹೆಂಗಸು ಮುಟ್ಟಿ ನೋಡಿ, "ಇಷ್ಟ್ ಚೆನ್ನಾಗೈತಲ್ಲಮ್ಮ, ಯಾಕ್ ಎಸೀತೀರಿ? ನಾನ್ ತಕ್ಕೊಳ್ಲಾ?" ಎಂದು ಕೇಳಿದಳು. ತಿಗಣೆ ಎಂದೆ. ತಟ್ಟನೆ ಕೈಬಿಟ್ಟಳು. ಕೌದಿ ಒಣಕಸದ ಮೇಲೆ ಬಿತ್ತು. ಎದುರು ಮನೆಯವರು ಗೇಟಿನಲ್ಲಿ ನಿಂತು ಕೇಳಿಸಿಕೊಂಡರು. ಅವತ್ತು ಟ್ಯುಟೋರಿಯಲ್‌ನಲ್ಲಿ ಬೋರ್ಡಿನ ಮೇಲೆ ಸುಲಭದ ಲೆಕ್ಕವೊಂದನ್ನು ಎರಡು ಸಲ ತಪ್ಪು ಮಾಡಿದೆ. ಮಕ್ಕಳು ಮುಖ ಮುಖ ನೋಡಿಕೊಂಡರು.

ಕೌದಿ ಹೋಯಿತು, ತಿಗಣೆ ಹೋಗಲಿಲ್ಲ. ಒಂದು ವಾರ ಬಿಟ್ಟು ಮತ್ತೆ ಗಂದೆ, ಮೊದಲಿಗಿಂತ ಹೆಚ್ಚು. ಲೂರ್ದಮ್ಮನಿಗೆ ಹೇಳಿದರೆ, "ಕೌದಿ ಹೋದ್ರೂ ಮೊಟ್ಟೆ ಇಟ್ಬುಟ್ಟಿರ್ತಾವೆ ಕಣಮ್ಮ" ಎಂದರು. ಔಷಧಿ ಹೊಡೆಯುವವರನ್ನು ಕರೆಸಿದೆವು. ಅವರು ಹೊಡೆದ ಔಷಧಿಗೆ ತಿಗಣೆ ನಾಲ್ಕು ದಿನ ಸುಮ್ಮನಿತ್ತು, ನಮ್ಮವರು ನಾಲ್ಕು ದಿನ ಉಸಿರಿಗೆ ಒದ್ದಾಡಿದರು. ಅವರಿಗೆ ಉಬ್ಬಸ ಇದೆ, ವಾಸನೆ ತಡೆಯುವುದಿಲ್ಲ. ಐದನೆಯ ದಿನ ತಿಗಣೆ ಎದ್ದು ಕೂತಿತು, ಇವರು ಎದ್ದು ಕೂರಲಿಲ್ಲ. ಮತ್ತೊಮ್ಮೆ ಹೊಡೆಯೋಣ ಎಂದವರನ್ನು ನಾನು ಕೈಮುಗಿದು ಕಳಿಸಿದೆ.

ದಾರಿ ತೋರಿಸಿದ್ದು ಮಂಡಿ ಮೊಹಲ್ಲಾದ ಪೇಟೆ. ಗೋಣಿಚೀಲ, ಬಿತ್ತನೆ ಬೀಜ, ಇಲಿ ಬೋನು, ಎಲ್ಲವನ್ನೂ ಮಾರುವ ಒಂದು ಹಳೆಯ ಅಂಗಡಿ. ಮಾಲೀಕರು ರಹಮತ್ ಸಾಹೇಬರು, ವಯಸ್ಸಾದವರು. ಅವರು ಒಳಗೆ ಯಾರಿಗೋ ಉರ್ದುವಿನಲ್ಲಿ ಗದರಿಸುತ್ತಿದ್ದರು. ಆ ಗದರಿಕೆ ಕೇಳಿ ನನಗೆ ನಮ್ಮೂರ ದರ್ಗಾದ ಓಣಿಗೆ ಹೋದಷ್ಟು ಸಂತೋಷವಾಯಿತು. ಅಂತೂ ಈ ಊರಿನಲ್ಲಿ ಬಾಯಿಬಿಟ್ಟು ಬೈಯುವವರು ಒಬ್ಬರು ಸಿಕ್ಕರು. ನಾನೂ ನಮ್ಮ ಕಲಬುರಗಿಯ ಉರ್ದುವಿನಲ್ಲಿ ತಿಗಣೆಯ ಗೋಳು ಶುರುಮಾಡಿದೆ. ಅವರು ನಕ್ಕು, ಮೈಸೂರಿನ ಕನ್ನಡದಲ್ಲೇ ಉತ್ತರ ಕೊಟ್ಟರು.

"ವಿಷ ಬೇಡ ಬೆಹೆನ್. ಇದು ಮಣ್ಣು" ಎಂದು ಒಂದು ಡಬ್ಬಿ ಇಟ್ಟರು. ಒಳಗೆ ಬಿಳಿ ಹಿಟ್ಟಿನಂಥ ಪುಡಿ. ಸಮುದ್ರದ ತಳದಲ್ಲಿ ಸತ್ತುಬಿದ್ದ ಕಣ್ಣಿಗೆ ಕಾಣದ ಜೀವಿಗಳ ಚಿಪ್ಪಿನಿಂದ ಆದ ಮಣ್ಣಂತೆ. "ಹುಳದ ಮೈ ಮೇಲೆ ಮೇಣದ ಥರ ಒಂದ್ ಪದರ ಇರುತ್ತೆ. ಈ ಪುಡಿ ಅಂಟ್ಕೊಂಡ್ರೆ ಆ ಮೇಣನ ಹೀರ್ಕೊಳ್ಳುತ್ತೆ. ಮೈಯೊಳಗಿನ ನೀರೆಲ್ಲಾ ಆವಿ ಆಗಿ, ಒಣಗಿ ಸಾಯುತ್ತೆ. ತಡ ಆಗುತ್ತೆ. ಒಂದ್ ವಾರ, ಎರಡ್ ವಾರ. ಮೊಟ್ಟೆ ಒಡೆದು ಬರೋ ಮರಿಗಳೂ ಸಾಯ್ಬೇಕಲ್ಲ, ಎರಡ್ ತಿಂಗಳು ಅಲ್ಲೇ ಬಿಡಿ" ಎಂದರು. ಮೂಗಿಗೆ ಬಟ್ಟೆಯಲ್ಲ, ಮಾಸ್ಕೇ ಕಟ್ಟಬೇಕು ಎಂದರು. ಈಜುಕೊಳದ ನೀರು ಸೋಸಲು ಹಾಕುವ ಇದೇ ಥರದ ಪುಡಿ ಬೇರೆ, ಅದು ಎದೆಗೆ ಕೆಟ್ಟದ್ದು, ಅಗ್ಗ ಅಂತ ತರಬೇಡಿ ಎಂದೂ ಹೇಳಿದರು. ನನಗೆ ತಕ್ಷಣ ಅರ್ಥವಾಯಿತು. ನಮ್ಮಲ್ಲಿ ಹೆಸರುಕಾಳು, ತೊಗರಿ ಕೂಡಿಡುವಾಗ ಸಗಣಿ ಕುಳ್ಳಿನ ಬೂದಿ ಕಲಸುತ್ತೇವಲ್ಲ, ಅದೇ ವಿದ್ಯೆ. ಅದನ್ನು ಹೇಳಿದೆ. "ಹಾಂ, ಅದೇ. ಆದ್ರೆ ಬೂದಿ ಕಲಸೋ ಕೈಯಲ್ಲಿ ಇದನ್ನ ಹಾಕ್ಬೇಡಿ, ತೆಳ್ಳಗೆ ಸವರಿ" ಎಂದರು. ಆ ಕೊನೆಯ ಮಾತಿಗೆ ನಾನು ಕಿವಿಗೊಡಲಿಲ್ಲ.

ಮನೆಗೆ ಬಂದು ನಾನು ಮಾಡಿದ್ದು ಅದೇ. ನಮ್ಮೂರ ಕೈ ನೋಡಿ, ಹಿಡಿ ತುಂಬದಿದ್ದರೆ ಅದಕ್ಕೆ ಸಮಾಧಾನವಿಲ್ಲ. ಮಂಚದ ಕಾಲಿನ ಸುತ್ತ ಗುಡ್ಡೆ, ಗೋಡೆಯ ಬುಡಕ್ಕೆ ದಪ್ಪ ಪಟ್ಟಿ, ಮೂಲೆಯಲ್ಲಿ ಇನ್ನೊಂದು ಹಿಡಿ. ನೋಡಿದರೆ ಮನೆಯೊಳಗೆ ಯಾರೋ ಸುಣ್ಣದ ಚೀಲ ಒಡೆದ ಹಾಗಿತ್ತು. ಮರುದಿನ ಬೆಳಿಗ್ಗೆ ಬಗ್ಗಿ ನೋಡಿದೆ. ಒಂದು ತಿಗಣೆ ಆ ಗುಡ್ಡೆಯ ಹತ್ತಿರ ಬಂದು, ಸುತ್ತುಹಾಕಿ, ಪಕ್ಕದ ಸಂದಿಯಿಂದ ಆರಾಮಾಗಿ ಹೋಯಿತು. ಫ್ಯಾನು ಹಾಕಿದ ಕೂಡಲೇ ಪುಡಿ ಎದ್ದು ಕೋಣೆಯೆಲ್ಲ ತುಂಬಿತು, ನಮ್ಮವರು ಕೆಮ್ಮುತ್ತ ಹಿತ್ತಲಿಗೆ ಓಡಿದರು. ನಾನು ನೆಲದ ಮೇಲೆ ಕೂತು ಅತ್ತೆ. ಸಿಟ್ಟಿನ ಅಳು ಅದು.

ಅಳು ಮುಗಿದ ಮೇಲೆ ಮಾಸ್ಕ್ ಕಟ್ಟಿ, ಒದ್ದೆ ಬಟ್ಟೆಯಿಂದ ಎಲ್ಲವನ್ನೂ ಒರೆಸಿ ತೆಗೆದೆ. ನೆಲ ಪೂರ್ತಿ ಒಣಗುವವರೆಗೆ ಒಂದು ದಿನ ಕಾದೆ, ಈ ಪುಡಿಗೆ ನೀರು ತಾಗಿದರೆ ಕೆಲಸ ಮಾಡುವುದಿಲ್ಲ. ನಮ್ಮವರು ಕೆಲಸಕ್ಕೆ ಹೋದ ಮೇಲೆ ಶುರುಮಾಡಿದೆ. ಮೆತ್ತಗಿನ ಬಣ್ಣದ ಕುಂಚದಲ್ಲಿ ಒಂದು ಚಿಟಿಕೆ ಪುಡಿ ತೆಗೆದು, ಕೊಡವಿ, ಮಂಚದ ಮರದ ಕೀಲುಗಳೊಳಗೆ ಸವರಿದೆ. ಗೋಡೆ ಮತ್ತು ನೆಲ ಸೇರುವ ಬಿರುಕಿಗೆ, ಕಿಟಕಿಯ ಚೌಕಟ್ಟಿಗೆ, ಮೇನ್ ಸ್ವಿಚ್ ಆರಿಸಿ ಪ್ಲಗ್ ಪೆಟ್ಟಿಗೆಗಳ ಅಂಚಿಗೆ. ಕಣ್ಣಿಗೆ ಕಂಡೂ ಕಾಣದ ಹಾಗೆ, ಮುಖಕ್ಕೆ ಪೌಡರ್ ಹಚ್ಚಿದಷ್ಟೇ ತೆಳ್ಳಗೆ. ಹಾಸಿಗೆಯ ಮೇಲೆ ಒಂದು ಕಣವೂ ಹಾಕಲಿಲ್ಲ. ಇಷ್ಟು ಸಾವಕಾಶದ ಕೆಲಸವನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ. ಮೈಸೂರಿನವರ ಕೈ ಬೇಕು ಇದಕ್ಕೆ ಎಂದುಕೊಂಡೆ, ಅದಕ್ಕೂ ಸಿಟ್ಟು ಬಂತು.

ಹತ್ತನೆಯ ದಿನಕ್ಕೆ ಸತ್ತ ತಿಗಣೆಗಳು ಸಿಗತೊಡಗಿದವು, ಒಣಗಿ ಹೊಟ್ಟಿನಂತಾಗಿದ್ದವು. ಊದಿದರೆ ಹಾರುತ್ತಿದ್ದವು. ಆದರೆ ಎಲ್ಲ ಒಂದೇ ಕಡೆ ಹೆಚ್ಚು, ಆ ಅಡ್ಡ ಇಟ್ಟ ಬೀರುವಿನ ಬುಡದಲ್ಲಿ. ನಾನು ಗಣಿತ ಹೇಳಿಕೊಡುವವಳು. ಮನೆಯೆಲ್ಲ ಒಂದೇ ಥರ ಪುಡಿ ಹಾಕಿದ ಮೇಲೆ ಒಂದೇ ಮೂಲೆಯಲ್ಲಿ ಇಷ್ಟೊಂದು ಏಕೆ ಎಂದು ಕೇಳಿಕೊಳ್ಳದೆ ಇರಲಾಗಲಿಲ್ಲ. ಭಾನುವಾರ ಗಂಡಹೆಂಡತಿ ಸೇರಿ ಬೀರುವನ್ನು ಎಳೆದೆವು.

ಹಿಂದೆ ಆ ಹಳೆಯ ಬಾಗಿಲು, ನೀಲಿ ಬಣ್ಣದ್ದು. ಅದರ ಚೌಕಟ್ಟಿನ ಉದ್ದಕ್ಕೂ ಶಾಯಿ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಮರ ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ತಿಗಣೆಗಳು ಕಳಚಿದ ಸಿಪ್ಪೆ, ಬೆರಳು ತೂರಿಸಿದರೆ ಬೆರಳಿನ ತುಂಬ. ನಾವು ಬಂದ ಮೂರು ತಿಂಗಳಲ್ಲಿ ಆಗುವ ಮಾತಲ್ಲ ಅದು. ಬಾಗಿಲಿನ ಕೆಳಗೆ ಅಡ್ಡಡ್ಡ ಗೆರೆಗಳು. ಜಿರಲೆ ಇರುವೆಗೆ ಎಳೆಯುವ ಔಷಧಿ ಸೀಮೆಸುಣ್ಣದ ಗೆರೆಗಳು, ಒಂದರ ಮೇಲೊಂದು, ಹಳದಿಗಟ್ಟಿದ್ದವು. ನಮ್ಮ ಹಿಂದಿನ ಬಾಡಿಗೆಯವರು ಎಳೆದದ್ದು ಎಂದುಕೊಂಡು ಲೂರ್ದಮ್ಮನನ್ನು ಕರೆದೆ.

ಲೂರ್ದಮ್ಮ ಚರ್ಚಿನಿಂದ ಆಗಷ್ಟೇ ಬಂದಿದ್ದರು, ಜರಿಯಂಚಿನ ಸೀರೆಯಲ್ಲಿದ್ದರು. ಬಂದು ಬಾಗಿಲು ನೋಡಿದರು. ಅವರ ಕಣ್ಣು ತಿಗಣೆಯ ಮೇಲೆ ಹೋಗಲಿಲ್ಲ. ಸೀದಾ ಆ ಗೆರೆಗಳ ಮೇಲೆ ಹೋಯಿತು. ಬಗ್ಗಿ ಕೂತು ಒಂದು ಗೆರೆಯ ಮೇಲೆ ಬೆರಳಿಟ್ಟರು.

"ಇದು ನಮ್ ಯಜಮಾನ್ರು ಎಳ್ದಿದ್ದು ಕಣಮ್ಮ. ನೋಡಿ ಹೆಂಗ್ ಸೊಟ್ಟಗಿದೆ. ಕೊನೇ ವರ್ಷ ಕೈ ನಡುಗ್ತಿತ್ತಲ್ಲಾ. ಆಗಿನ್ನೂ ಈ ಕಡೆ ಬಾಡಿಗೆಗೆ ಕೊಟ್ಟಿರ್ಲಿಲ್ಲ. ಬೇಡ ಬನ್ನಿ ಅಂದ್ರೂ ಕೇಳ್ತಿರ್ಲಿಲ್ಲ, ರಾತ್ರಿ ಕಚ್ತಾವೆ ಅಂತ ದಿನಾ ಬಂದು ಒಂದ್ ಗೆರೆ." ದನಿ ಒದ್ದೆಯಾಗಿತ್ತು. ಬೆರಳು ತೆಗೆದು, "ಇದನ್ನ ಒರೆಸ್ಬೇಡಿ ಟೀಚರಮ್ಮ" ಎಂದರು.

ಅವರ ಯಜಮಾನರು ತೀರಿಕೊಂಡು ಆರು ವರ್ಷ. ನಾವು ಈ ಮನೆಗೆ ಬಂದು ಆರು ತಿಂಗಳೂ ಆಗಿರಲಿಲ್ಲ.

ಮೊದಲ ಮಾತು ಆಡಿದವರು ನಮ್ಮವರು, ಅದೂ ಮೆಲ್ಲಗೆ: "ಅಂದ್ರ ಅವಾಗ್ಲೇ ತಿಗಣಿ ಇದ್ವು." ಲೂರ್ದಮ್ಮ ಎದ್ದು ನಿಂತರು. ತಾವು ಏನು ಹೇಳಿಬಿಟ್ಟೆವೆಂದು ಆಗ ಹೊಳೆದಿರಬೇಕು.

"ನಿಮಗ ಗೊತ್ತಿತ್ತು" ಎಂದೆ. "ಆರು ವರ್ಷದಿಂದ ಗೊತ್ತಿತ್ತು. ಮತ್ತ ನಮ್ಮವ್ವನ ಕೌದಿ ಯಾಕ ಒಗಸಿದ್ರಿ ನನ್ನ ಕೈಲಿಂದ?"

"ನಾನು ಎಸೀರಿ ಅಂದ್ನೇನಮ್ಮ?" ಎಂದರು ಲೂರ್ದಮ್ಮ. "ಯೋಚ್ನೆ ಮಾಡಿ ಅಂದೆ ಅಷ್ಟೇ."

ನಿಜ. ಆಕೆ ಎಸೆಯಿರಿ ಎಂದಿರಲೇ ಇಲ್ಲ. ಈ ಊರಿನ ಮೇಲೆ ನನಗಿರುವ ಸಿಟ್ಟೆಲ್ಲ ಆ ಒಂದು ಮಾತಿಗೆ ನೆತ್ತಿಗೇರಿತು. ಇಲ್ಲಿ ಯಾರೂ ಏನೂ ಮಾಡಿಸುವುದಿಲ್ಲ, ಎಲ್ಲವನ್ನೂ ನಾವೇ ಮಾಡಿಕೊಳ್ಳುವ ಹಾಗೆ ಮಾಡುತ್ತಾರೆ. ನಾನು ಕೂಗಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಡೆ ಹಾರಿ ಎದುರು ಮನೆಗೂ ಕೇಳುವಂತೆ, ನಮ್ಮ ಭಾಷೆಯಲ್ಲಿ, ನಮ್ಮ ದನಿಯಲ್ಲಿ ಕೂಗಿದೆ. ತಿಗಣೆ ನಿಮ್ಮದು, ಸುಳ್ಳು ನಿಮ್ಮದು, ನನ್ನ ತಾಯಿಯ ಕೈಹೊಲಿಗೆ ಕಸದ ಗಾಡಿಗೆ ಹೋಯಿತು, ನಿಮ್ಮ ಗಂಡನ ಸೀಮೆಸುಣ್ಣದ ಗೆರೆ ಮಾತ್ರ ಒರೆಸಬಾರದೋ ಎಂದೆ. ಲೂರ್ದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಮ್ಮ ಬಾಗಿಲಿಗೆ ಹೋದರು. ಜಗಳಕ್ಕೆ ಎದುರಾಳಿ ಇಲ್ಲದೆ ನನ್ನ ಕೂಗು ಕೋಣೆಯಲ್ಲಿ ಒಂಟಿಯಾಗಿ ನಿಂತಿತ್ತು. ನಮ್ಮವರು ನೀರು ತಂದುಕೊಟ್ಟರು.

ಮನೆ ಬಿಡೋಣ ಎಂದೆ ನಾನು. ಆದರೆ ಬಿಟ್ಟು ಹೋಗುವವರು ತಿಗಣೆಯ ಗುರುತು ಹೊತ್ತು ಹೋಗಬೇಕಿತ್ತು. ಎದುರು ಮನೆಯವರು ಕಸದ ಗಾಡಿಯ ಹತ್ತಿರ ಕೇಳಿಸಿಕೊಂಡಿದ್ದರಲ್ಲ, ಕಲಬುರಗಿಯವರು ಹುಳ ತಂದರು, ಓಡಿಸಿದರು ಎಂದೇ ಆಗುತ್ತಿತ್ತು. ಅದಕ್ಕೆ ಹೋಗಲಿಲ್ಲ. ಇನ್ನೊಂದು ಸಂಗತಿಯೂ ಇತ್ತು. ಗೋಡೆಯ ಆಚೆ ಪುಡಿ ಹಾಕದಿದ್ದರೆ ಈಚೆ ಎಷ್ಟು ಹಾಕಿದರೂ ದಂಡ. ಮೂರು ದಿನ ಮಾತಿಲ್ಲದೆ ಕಳೆದೆವು. ನಾಲ್ಕನೆಯ ದಿನ ಲೂರ್ದಮ್ಮ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ, "ಬರೋ ಬುಧವಾರ ನಮ್ಮನೇಲಿ ಜಪಸರದ ಪ್ರಾರ್ಥನೆ ಇದೆ, ಚರ್ಚಿನ ಹೆಂಗಸ್ರು ಬರ್ತಾರೆ. ಅಷ್ಟೊಳ್ಗೆ ಆ ಪುಡಿ ಹಾಕಕ್ಕಾಗುತ್ತಾ ಟೀಚರಮ್ಮ?" ಎಂದರು.

ಆಕೆಯ ಮನೆಯೊಳಗೆ ಹೋದ ಮೇಲೆ ಎಲ್ಲ ತಿಳಿಯಿತು. ಎಂಟು ಬೆತ್ತದ ಕುರ್ಚಿಗಳು, ಯಜಮಾನರು ಮಂಡಿ ಮೊಹಲ್ಲಾದಲ್ಲಿ ಹಳೆಯದು ಕೊಂಡು ತಂದವು. ಹೆಣಿಗೆಯ ಸಂದಿಸಂದಿಯಲ್ಲಿ ತಿಗಣೆ. ವಾರಕ್ಕೊಮ್ಮೆ ಬರುವ ಹೆಂಗಸರಿಗೆ ಲೂರ್ದಮ್ಮ ಮೂರು ಪ್ಲಾಸ್ಟಿಕ್ ಕುರ್ಚಿ ಹಾಕಿ, ಉಳಿದವರಿಗೆ ಚಾಪೆ ಹಾಸುತ್ತಿದ್ದರು. ಬೆತ್ತದವು ಮುರಿದಿವೆ ಎನ್ನುತ್ತಿದ್ದರಂತೆ. "ಗೊತ್ತಾದ್ರೆ ಯಾರ್ ಬರ್ತಾರೆ ಹೇಳಿ. ಆ ಬುಧವಾರ ಒಂದೇ ನನ್ನ ಮನೇಲಿ ನಾಕ್ ಜನದ ದನಿ ಕೇಳೋದು" ಎಂದರು. ನಾನು ಮಂಡಿಯೂರಿ, ಮಾಸ್ಕ್ ಕಟ್ಟಿ, ಒಂದೊಂದು ಕೀಲಿಗೂ ಕುಂಚ ಹಿಡಿದೆ. ನನಗೆ ಅಯ್ಯೋ ಅನ್ನಿಸಿತು, ಅಯ್ಯೋ ಅನ್ನಿಸಿದ್ದಕ್ಕೆ ಮೈ ಉರಿಯಿತು. ನನ್ನ ಕೌದಿ ಕಸಕ್ಕೆ ಹೋದದ್ದು ಚರ್ಚಿನ ಐದು ಹೆಂಗಸರ ಎದುರು ಈಕೆಯ ಮಾನ ಉಳಿಯಲೆಂದು. ಬೀರುವಿನ ಹಿಂದಿನ ಬಾಗಿಲಿಗೂ ಪುಡಿ ಹಾಕಿದೆ. ಗೆರೆಗಳನ್ನು ಒರೆಸಲಿಲ್ಲ. ಯಾಕೆ ಒರೆಸಲಿಲ್ಲವೆಂದು ನಮ್ಮವರು ಕೇಳಿದರು, ಸುಮ್ಮನಿರ್ರಿ ಎಂದೆ.

ಎರಡೂವರೆ ತಿಂಗಳಿಗೆ ತಿಗಣೆ ನಿಂತಿತು. ಎರಡೂ ಕಡೆ. ಲೂರ್ದಮ್ಮ ತಪ್ಪಾಯಿತು ಎನ್ನಲಿಲ್ಲ. ಕ್ರಿಸ್ಮಸ್ಸಿಗೆ ಹಬ್ಬದ ಸಿಹಿ ಎಂದು ಎರಡು ಡಬ್ಬಿ ಕಲ್‌ಕಲ್ ತಂದುಕೊಟ್ಟರು, ನಮ್ಮವರಿಗೆ ಉಬ್ಬಸ ಬಂದಾಗ ಶುಂಠಿ ಕಷಾಯ ಕಳಿಸಿದರು. ಮೈಸೂರಿನಲ್ಲಿ ತಪ್ಪಾಯಿತು ಎನ್ನುವುದಕ್ಕೂ ಹೀಗೆ ತಿಂಡಿಯನ್ನೇ ಕೊಡುತ್ತಾರೇನೋ. ನಾನು ಕಲ್‌ಕಲ್ ತಿಂದೆ. ಊರಿನಿಂದ ಬಂದ ಶೇಂಗಾ ಹಿಂಡಿಯ ಚಟ್ನಿಪುಡಿಯನ್ನು ಅದೇ ಡಬ್ಬಿಯಲ್ಲಿ ತುಂಬಿ ಕೊಟ್ಟೆ. ಸಿಟ್ಟು ಹಾಗೇ ಇತ್ತು. ಮಾತು ಮಾತ್ರ ಮತ್ತೆ ಶುರುವಾಯಿತು.

ಹೋದ ತಿಂಗಳು ಮಹಡಿಯ ಕೋಣೆಗೆ ಹೊಸಬಳು ಬಂದಳು. ಹೆಸರು ಸಬಿತಾ, ಒಡಿಶಾದವಳು, ಮೂವತ್ತರ ಆಸುಪಾಸು. ಕಡಕೊಳದಲ್ಲಿ ಹೊಲಿಗೆ ಕೆಲಸ. ಕನ್ನಡ ಬರದು. ಆಟೋದಿಂದ ಒಂದು ಟ್ರಂಕು, ಒಂದು ಒಲೆ, ಹಳೆಯ ಸೀರೆಯಲ್ಲಿ ಕಟ್ಟಿದ ಹಾಸಿಗೆಯ ಗಂಟು ಇಳಿಸಿದಳು. ಗಂಟು ಹೊತ್ತು ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಲೂರ್ದಮ್ಮ ಅಡ್ಡ ನಿಂತರು. ನಾನು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದೆ.

"ಟೀಚರಮ್ಮ, ನಿಮ್ಗೆ ಹಿಂದಿ ಬರುತ್ತಲ್ಲಾ, ಸ್ವಲ್ಪ ಹೇಳಿ" ಎಂದರು. "ಆ ಗಂಟು ಒಳಗ್ ಬೇಡ, ಗೇಟ್ ಹತ್ರಾನೇ ಬಿಡ್ಲಿ ಅಂತ. ಯಾವ್ ಊರಿಂದ ಏನೇನ್ ಹೊತ್ಕೊಂಡ್ ಬರ್ತಾರೋ. ನಾವು ಎಷ್ಟ್ ಕಷ್ಟ ಪಟ್ಟು ಮನೆ ಕ್ಲೀನಾಗ್ ಇಟ್ಕೊಂಡಿದ್ದೀವಿ ಅನ್ನೋದು ನಿಮ್ಗ್ ಗೊತ್ತಲ್ಲ. ನೀವು ನಮ್ಮೋರು, ನಿಮ್ಗ್ ಅರ್ಥ ಆಗುತ್ತೆ."

ಸಬಿತಾ ಗಂಟನ್ನು ಎದೆಗೆ ಒತ್ತಿಕೊಂಡು, ಮಾತು ಅರ್ಥವಾಗದೆ, ನನ್ನ ಮುಖ ನೋಡುತ್ತಿದ್ದಳು. ನಾನು ಹಿಂದಿಯಲ್ಲಿ ಹೇಳಿದೆ: ಗಂಟು ಮೇಲೆ ತೊಗೊಂಡು ಹೋಗು, ಯಾರು ಏನೇ ಅಂದರೂ ಬಿಸಾಡಬೇಡ. ಈ ಮನೆಯಲ್ಲಿ ಮೊದಲಿನಿಂದಲೂ ತಿಗಣೆ ಇತ್ತು. ಮತ್ತೆ ಕಂಡರೆ ನನ್ನ ಹತ್ತಿರ ಪುಡಿ ಇದೆ, ನಾನೇ ಬಂದು ಹಾಕಿಕೊಡುತ್ತೇನೆ. ಆಮೇಲೆ ಲೂರ್ದಮ್ಮನ ಕಡೆ ತಿರುಗಿ ಅದನ್ನೇ ಕನ್ನಡದಲ್ಲಿ, ಒಂದು ಮಾತೂ ಬಿಡದೆ ಹೇಳಿದೆ. ಲೂರ್ದಮ್ಮ ಮೆಟ್ಟಿಲಿನಿಂದ ಪಕ್ಕಕ್ಕೆ ಸರಿದರು. "ನಮ್ಮೋರಾಗಿ ಹಿಂಗ್ ಮಾಡ್ಬುಟ್ರಲ್ಲಾ" ಎಂದರು, ಅಷ್ಟೇ. ಸಬಿತಾ ಗಂಟು ಹೊತ್ತು ಮೇಲೆ ಹೋದಳು.

ಇಲ್ಲಿಗೆ ನಿಲ್ಲಿಸಿದ್ದರೆ ನೀವೆಲ್ಲ ನನ್ನನ್ನು ಹೊಗಳುತ್ತಿದ್ದಿರಿ. ಆದರೆ ಊರಿನವರ ಹತ್ತಿರ ಸುಳ್ಳು ಹೇಳಲಾರೆ. ಲೂರ್ದಮ್ಮ ‘ನೀವು ನಮ್ಮೋರು’ ಎಂದದ್ದಕ್ಕೂ ನಾನು ಬಾಯಿ ತೆರೆದದ್ದಕ್ಕೂ ನಡುವೆ ಒಂದು ಗಳಿಗೆ ಇತ್ತು. ಒದ್ದೆ ಬಟ್ಟೆ ಕೈಯಲ್ಲೇ ಇತ್ತು. ಆ ಗಳಿಗೆಯಲ್ಲಿ ನಾನು ಆ ಗಂಟನ್ನು ನೋಡಿದೆ, ಅದರ ಮಾಸಿದ ಸೀರೆ ನೋಡಿದೆ, ಒಳಗೆ ಏನೇನಿದೆಯೋ ಎಂದುಕೊಂಡೆ. ಈ ಊರಿಗೆ ಬಂದ ಮೇಲೆ ಯಾರೂ ನನ್ನನ್ನು ನಮ್ಮವರು ಎಂದಿರಲಿಲ್ಲ. ಆ ಮಾತು ನನಗೆ ಹಿತವಾಯಿತು.